ತಿಂಗಳಿಗೊಂದು ಚಿಟಿಕಪ್ಪೆ

ನಮ್ಮ ಆಫೀಸಿನಲ್ಲಿ ಎಲ್ಲರೂ ಅವರನ್ನು ಪದದಕ್ಕ ಎಂದೇ ಕರೆಯುವುದು. ವಯಸ್ಸಿನಲ್ಲಿ ದೊಡ್ಡವರಾದ ಮಾಲೀಕರೂ ಹಾಗೇ ಕರೆಯುತ್ತಾರೆ. ಅವರ ಕೆಲಸ ಏನೆಂದು ನನ್ನ ಅತ್ತೆ ಒಮ್ಮೆ ಕೇಳಿದ್ದರು. ಅಂಗಡಿಯವರಿಗೆ ತಮ್ಮ ಸಾಮಾನಿನ ಹೆಸರು ಗೊತ್ತಿರುತ್ತದೆ, ಗಿರಾಕಿಗೆ ತನ್ನ ಕಷ್ಟ ಗೊತ್ತಿರುತ್ತದೆ, ಇವೆರಡರ ನಡುವಿನ ಪದ ಅಕ್ಕನಿಗೆ ಗೊತ್ತಿರುತ್ತದೆ ಎಂದೆ. ಅದಕ್ಕೂ ಸಂಬಳ ಕೊಡ್ತಾರಾ ಎಂದು ಕೇಳಿ ಅತ್ತೆ ಮಗುವಿನ ಬಟ್ಟೆ ಮಡಚಲು ಹೋದರು.

ಕೊಡುತ್ತಾರೆ. ಒಬ್ಬ ಚಪ್ಪಲಿ ಅಂಗಡಿಯವರು ತಮ್ಮ ಇಂಟರ್ನೆಟ್ ಪುಟದಲ್ಲಿ 'ಉತ್ತಮ ಗುಣಮಟ್ಟದ ಪಾದರಕ್ಷೆಗಳು' ಎಂದು ಬರೆಸಿಕೊಂಡು ಮೂರು ವಾರ ನೊಣ ಹೊಡೆಯುತ್ತಾ ಕೂತಿದ್ದರು. ಅಕ್ಕ ಆ ಅಂಗಡಿಗೆ ಹೋಗಿ ಒಂದು ಸ್ಟೂಲಿನ ಮೇಲೆ ಅರ್ಧ ದಿನ ಕೂತು, ಬಂದವರು ಏನು ಕೇಳುತ್ತಾರೆಂದು ಕಿವಿಗೊಟ್ಟು, ವಾಪಸು ಬಂದು ಒಂದೇ ಸಾಲು ಬದಲಾಯಿಸಿದರು: 'ಹಿಮ್ಮಡಿ ಕಚ್ಚದ ಚಪ್ಪಲಿ'. ಆಮೇಲೆ ಆ ಅಂಗಡಿಯವರ ಫೋನು ಸುಮ್ಮನಿರಲಿಲ್ಲ. ಜನ ಸಾಮಾನು ಹುಡುಕುವುದಿಲ್ಲ, ಎಲ್ಲಿ ನೋಯುತ್ತಿದೆಯೋ ಅದನ್ನು ಟೈಪ್ ಮಾಡುತ್ತಾರೆ ಎಂದು ಅಕ್ಕ ನನಗೆ ಕೆಲಸ ಕಲಿಸಿದ ಮೊದಲ ದಿನವೇ ಹೇಳಿದ್ದರು. ದಿನಚರಿಯಲ್ಲಿ ಆ ಮಾತಿನ ಕೆಳಗೆ ಗೆರೆ ಎಳೆದಿದ್ದೇನೆ. ಅದೇ ಮಾತು ಅವರ ಮೇಲೇ ತಿರುಗಿ ಬೀಳುತ್ತದೆ ಎಂದು ಆಗ ಅವರಿಗೂ ಗೊತ್ತಿರಲಿಲ್ಲ, ನನಗಂತೂ ಮೊದಲೇ ಇಲ್ಲ.

ನಮ್ಮದು ಕನ್ನಡಕದ ಅಂಗಡಿಯ ಮೇಲಿನ ಎರಡು ಕೋಣೆ. ಇಂಟರ್ನೆಟ್ಟಿನಲ್ಲಿ ಮಾರಾಟ ಮಾಡಬೇಕೆನ್ನುವ ಸಣ್ಣ ಅಂಗಡಿಗಳಿಗೆ ಪುಟ ಮಾಡಿಕೊಡುತ್ತೇವೆ, ಜಾಹೀರಾತು ಬರೆಯುತ್ತೇವೆ, ಅವರ ಹೆಸರಿನಲ್ಲಿ ಗಿರಾಕಿಗಳ ಪ್ರಶ್ನೆಗೆ ಉತ್ತರ ಕೊಡುತ್ತೇವೆ. ಒಟ್ಟು ನಾಲ್ಕು ಜನ: ಮಾಲೀಕರು, ಪದದಕ್ಕ, ಫೋಟೋ ತೆಗೆಯುವವರು, ನಾನು. ಕುರ್ಚಿ ಐದು. ಐದನೆಯದು ಕುಂಟುತ್ತದೆ, ಅದನ್ನು ಬರುವ ಗಿರಾಕಿಗೆ ಕೊಡುತ್ತೇವೆ, ಬೇಗ ಏಳಲಿ ಎಂದು.

ಹೆರಿಗೆ ರಜೆ ಮುಗಿಸಿ ನಾನು ವಾಪಸು ಬಂದಾಗ ಮಗಳಿಗೆ ಏಳು ತಿಂಗಳು. ಮಧ್ಯಾಹ್ನವಾಗುವಷ್ಟರಲ್ಲಿ ಎದೆ ಕಲ್ಲಾಗುತ್ತಿತ್ತು. ಹಾಲು ತೆಗೆಯಲು ಜಾಗವೆಂದರೆ ಹಳೆಯ ಪ್ರಿಂಟರು, ರಟ್ಟಿನ ಡಬ್ಬಗಳಿದ್ದ ಒಳಮೂಲೆ. ಯಾರೂ ಕೇಳದೆಯೇ ಅಕ್ಕ ಒಂದು ಹಗ್ಗ ಕಟ್ಟಿ, ಮನೆಯಿಂದ ತಂದ ಹಳೆಯ ಬೆಡ್‌ಶೀಟಿಗೆ ಅಂಚು ಹೊಲಿದು ಪರದೆ ಇಳಿಬಿಟ್ಟರು. ಹೊಲಿಗೆ ಅಷ್ಟು ನೇರವಾಗಿತ್ತು, ಮಿಷನ್ನಿನದೇ ಎಂದುಕೊಂಡೆ. ಕೈಹೊಲಿಗೆಯಂತೆ. ಪರದೆಯ ಎರಡು ತುದಿ ಗಾಳಿಗೆ ತೆರೆದುಕೊಳ್ಳದ ಹಾಗೆ ಎರಡು ಟಿಚ್ ಬಟನ್ ಹಾಕಿದ್ದರು. ನಾನು ಒಳಗಿರುವಷ್ಟು ಹೊತ್ತು ಹೊರಗೆ ಸ್ಟೂಲ್ ಹಾಕಿಕೊಂಡು ಕಾವಲು ಕೂರುವರು. ಫೋಟೋದವರು ಆ ಕಡೆ ಸುಳಿದರೆ, "ಒಳಗೆ ಡೈರಿ ನಡೀತಿದೆ, ಆಮೇಲೆ ಬನ್ನಿ" ಎಂದು ಓಡಿಸುವರು.

ಆ ತಿಂಗಳ ಒಂದನೇ ತಾರೀಕು ಮಾಲೀಕರು ಎರಡು ಹೊಸ ಸಾಧನ ತಂದರು. ತಂದರು ಎಂದರೆ ಕೈಯಲ್ಲಿ ಏನೂ ಇರಲಿಲ್ಲ, ಎರಡು ಪಾಸ್‌ವರ್ಡ್ ಇದ್ದವು. ಒಂದು ಹೊಸ ಹುಡುಕುತಾಣದ್ದು. ಈಗ ಬರುವ ಅಗ್ಗದ ಫೋನುಗಳಲ್ಲಿ ಅದೇ ಇರುತ್ತದೆ. ಅಕ್ಕನೂ ಹಿಂದಿನ ತಿಂಗಳಷ್ಟೇ ಅಂಥದ್ದೇ ಫೋನು ಕೊಂಡಿದ್ದರು. ದೊಡ್ಡ ಹುಡುಕುತಾಣಗಳು, ಹೆಚ್ಚು ಜನ ಕೇಳದ ಪದ ಕೊಟ್ಟರೆ ಬರೀ ಒಂದು ಅಡ್ಡಗೆರೆ ತೋರಿಸಿ ಕೈ ತೊಳೆದುಕೊಳ್ಳುತ್ತವೆ. ಇದು ಹಾಗಲ್ಲ. ಹಿಂದಿನ ತಿಂಗಳು ಯಾವ ಪದವನ್ನು ಎಷ್ಟು ಸಲ ಹುಡುಕಿದ್ದಾರೆಂದು ಒಂದು, ಎರಡು, ಮೂರು ಎಂದು ಬಿಡಿಸಿ ಹೇಳುತ್ತದೆ. ಪ್ರತಿ ತಿಂಗಳ ಒಂದನೇ ತಾರೀಕು ಎಣಿಕೆ ಬರುತ್ತದೆ. ಇನ್ನೊಂದು ಸಾಮಾಜಿಕ ಜಾಲದ ಸಾಧನ. ನಮ್ಮ ಅಂಗಡಿಗಳ ಎಲ್ಲ ಪುಟಗಳಿಗೆ ಬರುವ ಮಾತನ್ನು ಒಂದೇ ಕಡೆ ಸೇರಿಸಿ, ಹೊಸದು ಬಂದಾಗ ಠಣ್ ಎನ್ನುತ್ತದೆ. ಸಂಜೆಯೊಳಗೆ ಮೊದಲನೆಯದಕ್ಕೆ 'ಶಾನುಭೋಗ' ಎಂದೂ ಎರಡನೆಯದಕ್ಕೆ 'ಕಿವಿ' ಎಂದೂ ಹೆಸರಾಯಿತು.

ಶಾನುಭೋಗನನ್ನು ಪರೀಕ್ಷೆ ಮಾಡಲು ಎಲ್ಲರೂ ಒಂದೊಂದು ಪದ ಕೊಡಿ ಎಂದರು ಮಾಲೀಕರು. ಈ ಪೆಟ್ಟಿಗೆಯಲ್ಲಿ ಕೇಳಿದ್ದು ಎಣಿಕೆಗೆ ಸೇರುವುದಿಲ್ಲ, ಧೈರ್ಯವಾಗಿ ಕೇಳಿ ಎಂದೂ ಸೇರಿಸಿದರು. ಫೋಟೋದವರು 'ಬೋಳುತಲೆಗೆ ಮದ್ದು' ಎಂದು ಕೊಟ್ಟರು. ಲಕ್ಷದ ಮೇಲಿತ್ತು. "ನಾನೊಬ್ಬನೇ ಅಲ್ಲ ಬಿಡಿ" ಎಂದು ತಲೆ ಸವರಿಕೊಂಡರು. ನಾನು 'ಮಗು ನಿದ್ದೆ ಮಾಡುತ್ತಿಲ್ಲ' ಎಂದು ಕೊಟ್ಟೆ. ಅದು ಅದಕ್ಕಿಂತ ಹೆಚ್ಚು. ಅಕ್ಕ ಮುಂದೆ ಬಗ್ಗಿ, ಯೋಚನೆಯನ್ನೇ ಮಾಡದೆ, ಒಂದು ಪದ ಒತ್ತಿದರು: ಚಿಟಿಕಪ್ಪೆ.

ಎಣಿಕೆ: ಒಂದು.

ಏನಕ್ಕ ಅದು, ಕಪ್ಪೆ ಮಾರೋ ಗಿರಾಕಿ ಸಿಕ್ಕಿದ್ದಾರಾ ಎಂದು ಫೋಟೋದವರು ನಕ್ಕರು. ಅಕ್ಕ ನಗಲಿಲ್ಲ. ಆ 'ಒಂದು' ಎನ್ನುವುದರ ಮೇಲೆ ಬೆರಳಿಟ್ಟರು, ಪರದೆಗೆ ಅಂಟಿದ ಧೂಳು ಒರೆಸುವವರ ಹಾಗೆ ಉಜ್ಜಿದರು. ಅದು ಹೋಗಲಿಲ್ಲ.

ಮಧ್ಯಾಹ್ನ ನಾನು ಬೆಡ್‌ಶೀಟಿನ ಒಳಗಿದ್ದೆ, ಅವರು ಹೊರಗೆ ಸ್ಟೂಲಿನ ಮೇಲೆ. ಮುಖ ಕಾಣದಿದ್ದರೆ ಕೆಲವು ಮಾತು ಸುಲಭವಾಗಿ ಬರುತ್ತವೆ. ಪಂಪಿನ ಗುಯ್ಯ್ ಸದ್ದಿನ ನಡುವೆ ಅಂದು ಅವರು ಹೇಳಿದ್ದನ್ನು ರಾತ್ರಿಯಾಗುವ ಮೊದಲೇ ಬರೆದಿಟ್ಟುಕೊಂಡೆ.

ಅಕ್ಕನ ತಾಯಿ ಮನೆಯಲ್ಲೇ ಹೊಲಿಗೆ ಮಾಡುತ್ತಿದ್ದವರು. ಇಬ್ಬರು ಹೆಣ್ಣುಮಕ್ಕಳೂ ಮಿಷನ್ನಿನ ಕಾಲಡಿಯಲ್ಲಿ ಚಿಂದಿ ಬಟ್ಟೆಯಲ್ಲಿ ಆಡುತ್ತಾ ಬೆಳೆದವರು. ತಂಗಿಗೆ ಮೂರು ವರ್ಷವಿದ್ದಾಗ ಟಿಚ್ ಬಟನ್ನಿಗೆ ಅವಳಿಟ್ಟ ಹೆಸರು ಚಿಟಿಕಪ್ಪೆ. ಒಂದು ತುಂಡು ಬಾಯಿ ತೆರೆದ ಕಪ್ಪೆಯಂತೆ, ಇನ್ನೊಂದು ಅದರ ನಾಲಿಗೆಯಂತೆ, ಕೂಡಿಸಿದರೆ ಚಿಟ್ ಎನ್ನುತ್ತದಂತೆ. ಆಮೇಲೆ ಮನೆಯಲ್ಲಿ ಯಾರೂ ಅದನ್ನು ಬೇರೆ ಹೆಸರಿನಿಂದ ಕರೆಯಲೇ ಇಲ್ಲ. ಈ ಪದ ಗೊತ್ತಿದ್ದವರು ಲೋಕದಲ್ಲಿ ಮೂರು ಜನ. ಅಮ್ಮ ಹೋದಮೇಲೆ ಇಬ್ಬರು.

ಅಮ್ಮ ಹೋಗಿ ಎರಡು ತಿಂಗಳಿಗೆ, ಚಿಕ್ಕಮ್ಮನಿಗೆ ಹುಷಾರಿಲ್ಲವೆಂದು ತಂಗಿ ಹದಿನೈದು ದಿನ ಅವರ ಮನೆಗೆ ಹೋಗಿ ಇದ್ದಳು. ಅಷ್ಟರಲ್ಲಿ ಅಕ್ಕ ಮಿಷನ್ ಮಾರಿ ಕಂಪ್ಯೂಟರು ತಂದರು. ಹೊಲಿಗೆ ಕೆಲಸ ಬರುವುದು ನಿಂತೇ ಹೋಗಿತ್ತು, ಮನೆ ನಡೆಯಬೇಕಿತ್ತು, ಕೇಳಿದರೆ ಬೇಡವೆನ್ನುತ್ತಾಳೆ ಎಂದು ಕೇಳಲಿಲ್ಲ. ತಂಗಿ ಬಂದಾಗ ಕಿಟಕಿಯ ಹತ್ತಿರ, ಮಿಷನ್ನಿದ್ದ ಜಾಗದಲ್ಲೇ ಕಂಪ್ಯೂಟರು ಕೂತಿತ್ತು. ಮಿಷನ್ನಿಗೆ ಅಮ್ಮ ಹೊಲಿದಿದ್ದ ಹೊದಿಕೆಯನ್ನೇ ಅಕ್ಕ ಅದಕ್ಕೂ ಹೊದಿಸಿದ್ದರು. ಅಳತೆ ಸರಿಯಿರಲಿಲ್ಲ.

"ಅವಳು ಕೂಗಾಡಲಿಲ್ಲ ಕಣೇ" ಎಂದರು ಅಕ್ಕ ಪರದೆಯ ಆಚೆಯಿಂದ. "ಕೂಗಾಡಿದ್ರೆ ನಾನೂ ಕೂಗಾಡ್ತಿದ್ದೆ, ಅಲ್ಲಿಗೆ ಮುಗೀತಿತ್ತು. ಆ ಹೊದಿಕೆ ತೆಗೆದು ಮಡಚಿ ಚೀಲಕ್ಕೆ ಹಾಕ್ಕೊಂಡಳು. ನಿನಗೆ ಮಾರೋದು ಚೆನ್ನಾಗಿ ಬರುತ್ತೆ ಅಂದಳು. ಅಷ್ಟೇ."

ಹಾಗೆ ಹೋದವಳು ಮತ್ತೆ ಬಂದಿಲ್ಲ, ಹನ್ನೊಂದು ವರ್ಷ. ಮೊದಮೊದಲು ಯಾವುದೋ ಬಟ್ಟೆ ಕಾರ್ಖಾನೆಯಲ್ಲಿದ್ದಾಳೆಂದು ಸುದ್ದಿಯಿತ್ತು, ಆಮೇಲೆ ಅದೂ ಇಲ್ಲ. ನಂಬರು ಬದಲಾಯಿತು. ಚಿಕ್ಕಮ್ಮನೂ ತೀರಿಕೊಂಡರು. ಹೆಸರು ಹಾಕಿ ಹುಡುಕಿದರೆ ಅದೇ ಹೆಸರಿನವರು ಸಾವಿರ ಜನ. ಆದರೆ ಚಿಟಿಕಪ್ಪೆ ಎಂದು ಹುಡುಕುವವಳು ಒಬ್ಬಳೇ. ಹೊಸ ಪೆನ್ನು ಸಿಕ್ಕರೆ ಎಲ್ಲರೂ ತಮ್ಮ ಹೆಸರು ಬರೆದು ನೋಡುತ್ತಾರಲ್ಲ, ಹಾಗೆ ಅಕ್ಕ ಹೊಸ ಹುಡುಕುತಾಣ ಯಾವುದು ಸಿಕ್ಕರೂ ಈ ಪದ ಬರೆದು ನೋಡುತ್ತಾ ಬಂದಿದ್ದರು. ಎಲ್ಲ ಕಡೆಯೂ ಅಡ್ಡಗೆರೆ. ಇವತ್ತು ಮೊದಲ ಸಲ ಒಂದು ಅಂಕಿ.

ನನಗೆ ಸುಮ್ಮನಿರಲಾಗಲಿಲ್ಲ. ಹೊಸ ಫೋನು ತಗೊಂಡಾಗ ಅದರಲ್ಲೂ ಬರೆದು ನೋಡಿದ್ದಿರಾ ಅಕ್ಕ ಎಂದು ಕೇಳಿದೆ.

ಆಚೆ ಸ್ಟೂಲು ಕಿರುಗುಟ್ಟಿತು. ನೆನಪಿಲ್ಲ ಎಂದರು.

ನಮ್ಮ ಕೆಲಸದಲ್ಲಿ ಇದಕ್ಕಿಂತ ದೊಡ್ಡ ತಪ್ಪಿಲ್ಲ. ನಾವು ಎಣಿಸಬೇಕಾದ ಪದವನ್ನು ನಾವೇ ಹುಡುಕಬಾರದು. ನಮ್ಮ ಹುಡುಕಾಟವೂ ಎಣಿಕೆಗೆ ಸೇರಿ, ಗಿರಾಕಿ ಬಂದರು ಎಂದು ನಾವೇ ಮೋಸಹೋಗುತ್ತೇವೆ. ನಮಗೆಲ್ಲ ಇದನ್ನು ಕಿವಿ ಹಿಂಡಿ ಕಲಿಸಿದ್ದು ಅಕ್ಕನೇ. ಕನ್ನಡಿಯಲ್ಲಿ ಯಾರೋ ಬಂದರು ಅಂತ ಕುರ್ಚಿ ಹಾಕಬೇಡಿ ಎನ್ನುತ್ತಿದ್ದರು.

ಆದ್ದರಿಂದ ಅವರೇ ಒಂದು ನಿಯಮ ಹಾಕಿಕೊಂಡರು. ಈ ಪೂರ್ತಿ ತಿಂಗಳು ಆ ಪದವನ್ನು ಎಲ್ಲೂ ಬರೆಯುವುದಿಲ್ಲ. ಮುಂದಿನ ಒಂದನೇ ತಾರೀಕು ಸೊನ್ನೆ ಬಂದರೆ, ಆ ಒಂದು ತಾನೇ. ಒಂದು ಬಂದರೆ, ತಂಗಿ. ಸೊನ್ನೆ ಬಂದರೆ ಏನು ಮಾಡ್ತೀರಿ ಎಂದು ನಾನು ಕೇಳಿದ್ದಕ್ಕೆ, "ಬಿಟ್ಟುಬಿಡ್ತೀನಿ. ಯಾರೂ ಹುಡುಕದ ಪದಕ್ಕೆ ಹನ್ನೊಂದು ವರ್ಷ ಜಾಸ್ತಿಯಾಯ್ತು" ಎಂದರು. ಲೆಕ್ಕಾಚಾರದ ಮಾತಿನಂತೆ ಹೇಳಿದರು. ಆದರೆ ಸ್ಟೂಲ್ ಎತ್ತಿಕೊಂಡು ಹೋಗುವಾಗ ಅದು ಬಾಗಿಲಿಗೆ ಎರಡು ಸಲ ಬಡಿಯಿತು.

ಆ ತಿಂಗಳು ನಾನು ಕಂಡದ್ದನ್ನೆಲ್ಲ ಬರೆಯುತ್ತಾ ಹೋದರೆ ದಿನಚರಿ ಸಾಲದು. ಹೊಲಿಗೆ ಸಾಮಾನಿನ ಅಂಗಡಿಯವರ ಪುಟದ ಕೆಲಸ ಆಗಲೇ ಬಂತು. ದಾರ, ಜಿಪ್ಪು, ಹುಕ್ಕು, ಗುಂಡಿ, ಎಲ್ಲದಕ್ಕೂ ಅಕ್ಕ ಪದ ಬರೆದರು. ಟಿಚ್ ಬಟನ್ನಿನ ಸರದಿ ಬಂದಾಗ ಅದನ್ನು ನನ್ನ ಕಡೆ ತಳ್ಳಿದರು. ಬೆರಳಿಗೆ ಕೆಲಸ ಬೇಕೆಂದು ಬಿಡುವಾದಾಗಲೆಲ್ಲ ನನ್ನ ಮಗಳಿಗೆ ಒಂದು ಅಂಗಿ ಹೊಲಿಯುತ್ತಿದ್ದರು, ಕೈಯಲ್ಲೇ. ಒಮ್ಮೆ ತಲೆಯೆತ್ತಿ, ಆ ಪದ ಒತ್ತಿ ಅವಳು ಏನು ಹುಡುಕ್ತಿರಬಹುದು ಎಂದು ಕೇಳಿದರು. ನಿಮ್ಮನ್ನೇ ಇರಬೇಕು ಎಂದೆ. ಹೌದಲ್ವಾ, ನನ್ನನ್ನೇ ಇರಬೇಕು ಎಂದು ಮತ್ತೆ ಸೂಜಿಗೆ ಬಗ್ಗಿದರು.

ತಿಂಗಳ ಕೊನೆಯ ದಿನ ಭಾನುವಾರ. ಮಗಳು ತೊಡೆಯ ಮೇಲೆ ಹಾಲು ಕುಡಿಯುತ್ತಾ ನಿದ್ದೆ ಹೋಗಿದ್ದಳು. ನನ್ನ ಒಂದು ಕೈ ಖಾಲಿಯಿತ್ತು. ನಾಳೆ ಸೊನ್ನೆ ಬರುತ್ತದೆ ಎಂದು ಯಾಕೋ ಮನಸ್ಸಿಗೆ ಬಂತು. ಸೊನ್ನೆ ನೋಡಿದ ಅಕ್ಕ, ಸರಿ ಬಿಡು ಎಂದು ನಕ್ಕು, ನೇರವಾಗಿ ಮುಂದಿನ ಕೆಲಸಕ್ಕೆ ಹೋಗುವುದು ಕಣ್ಣಿಗೆ ಕಟ್ಟಿತು. ಆ ನಗು ನನ್ನಿಂದ ನೋಡಲಾಗುವುದಿಲ್ಲ ಎನಿಸಿತು. ಅತ್ತೆಯ ಫೋನು ಪಕ್ಕದಲ್ಲೇ ಇತ್ತು, ಹೊಸದು, ಅದೇ ಹುಡುಕುತಾಣದ್ದು. ಅದನ್ನು ಎತ್ತಿಕೊಂಡು ಹೆಬ್ಬೆರಳಲ್ಲಿ ಒಂದೊಂದೇ ಅಕ್ಷರ ಒತ್ತಿದೆ. ಚಿಟಿಕಪ್ಪೆ. 'ಏನೂ ಸಿಗಲಿಲ್ಲ' ಎಂದು ಬಂತು. ಕಳ್ಳತನ ಮಾಡಿದವಳಂತೆ ಫೋನನ್ನು ಬೋರಲು ಹಾಕಿದೆ.

ಮಾರನೆಯ ಬೆಳಿಗ್ಗೆ ಅಕ್ಕ ನನಗಿಂತ ಮೊದಲೇ ಬಂದಿದ್ದರು. ಮಾಲೀಕರು ಇನ್ನೂ ಬಂದಿರಲಿಲ್ಲ. ನೀನೇ ಒತ್ತು, ನನ್ನ ಕೈಲಿ ಆಗಲ್ಲ ಎಂದರು. ಒತ್ತಿದೆ.

ಎರಡು.

ಅಕ್ಕ ಕುಂಟು ಕುರ್ಚಿಯ ಮೇಲೇ ಕೂತುಬಿಟ್ಟರು. ಎರಡು ಸಲ ಹುಡುಕಿದ್ದಾಳೆ, ಎರಡು ಸಲ ಎಂದು ಅವರ ತುಟಿ ಅಲುಗಿತು. ನನಗೆ ಅಲ್ಲೇ ನೆಲ ಬಾಯಿಬಿಡಬಾರದೇ ಎನಿಸಿತು. ಸುಮ್ಮನಿದ್ದರೆ ಎಷ್ಟು ಚೆನ್ನಾಗಿತ್ತು. ಆದರೆ ಅವರು ಬದುಕಿನಲ್ಲಿ ಮೊದಲ ಬಾರಿ ನಂಬಿದ ಅಂಕಿಯಲ್ಲಿ ಅರ್ಧ ಸುಳ್ಳು ಇತ್ತು, ಆ ಸುಳ್ಳು ನನ್ನದು.

"ಅಕ್ಕ, ಅದರಲ್ಲಿ ಒಂದು ನಾನು" ಎಂದೆ.

ಅವರು ನನ್ನನ್ನು ನೋಡಿದ ನೋಟಕ್ಕೆ ನನಗೆ ಅಳುವೇ ಬಂತು. ಸೊನ್ನೆ ಬಂದುಬಿಟ್ಟರೆ ಎಂದು ಹೆದರಿದೆ, ತಪ್ಪಾಯಿತು ಎಂದು ಏನೇನೋ ಹೇಳಿದೆ. ಅವರು ಕೈ ಎತ್ತಿ ತಡೆದರು.

"ಎಷ್ಟು ಸಲ ಒತ್ತಿದೆ?"

"ಒಂದೇ ಸಲ."

"ಸರಿಯಾಗಿ ಹೇಳು. ಆಮೇಲೆ ಮತ್ತೆ ಒಂದ್ಸಲ ನೋಡಿಬಿಡೋಣ ಅಂತ?"

"ಇಲ್ಲಕ್ಕ. ಒಂದೇ. ಮಗಳಾಣೆ."

"ಮಗು ಮೇಲೆಲ್ಲ ಆಣೆ ಇಡಬೇಡ ಕತ್ತೆ" ಎಂದು ಬೈದರು. ಆಮೇಲೆ ಎರಡು ಬೆರಳು ಎತ್ತಿ, ಒಂದನ್ನು ಮಡಚಿ, ಉಳಿದ ಒಂದನ್ನೇ ನೋಡುತ್ತಾ ಕೂತರು. ಒಂದನೇ ತರಗತಿಯ ಮಕ್ಕಳು ಕಳೆಯುವ ಲೆಕ್ಕ ಮಾಡುವ ಹಾಗೆ.

ಅಂದು ಮಧ್ಯಾಹ್ನವೇ ಅಕ್ಕ ಹೊಲಿಗೆ ಸಾಮಾನಿನ ಅಂಗಡಿಯವರ ಪುಟಕ್ಕೆ ಹೋಗಿ, ನಾನು ಟಿಚ್ ಬಟನ್ನಿಗೆ ಬರೆದಿದ್ದನ್ನು ಅಳಿಸಿದರು. ಹೊಸದಾಗಿ ಬರೆದರು: 'ಟಿಚ್ ಬಟನ್. ಚಿಟಿಕಪ್ಪೆ ಎನ್ನುವವರಿಗೂ ಇದೇ.' ಮಾಲೀಕರು ಓದಿ ಹುಬ್ಬು ಗಂಟಿಕ್ಕಿದರು. ತಿಂಗಳಿಗೊಬ್ಬರು ಹುಡುಕುವ ಪದಕ್ಕೆ ಅಂಗಡಿಯವರು ಯಾಕೆ ಜಾಗ ಕೊಡಬೇಕು ಎಂದು ಕೇಳಿದರು. ಅಕ್ಕ ಅವರಿಗೆ ಏನೂ ವಿವರಿಸಲಿಲ್ಲ, ಆ ಒಬ್ಬರು ಬರಲಿ ಸರ್, ಆಮೇಲೆ ತೆಗೀತೀನಿ ಎಂದರು. ಹತ್ತು ವರ್ಷದಲ್ಲಿ ಅವರು ಕೇಳಿದ ಮೊದಲ ಉಪಕಾರ ಅದು. ಮಾಲೀಕರು ಹೂಂ ಎಂದು ತಮ್ಮ ಕೋಣೆಗೆ ಹೋದರು.

ಆಮೇಲಿನ ದಿನಗಳಲ್ಲಿ ಕಿವಿ ಠಣ್ ಎಂದಾಗಲೆಲ್ಲ ಅಕ್ಕನ ಬೆನ್ನು ನೆಟ್ಟಗಾಗುತ್ತಿತ್ತು. ಜಿಪ್ಪು ಎಷ್ಟು ಉದ್ದದ್ದಿದೆ. ಠಣ್. ಅಂಗಡಿ ಭಾನುವಾರ ತೆರೆದಿರುತ್ತಾ. ಠಣ್. ಮೊನ್ನೆ ತಗೊಂಡ ದಾರ ಬಣ್ಣ ಬಿಡ್ತಿದೆ, ಏನು ಮಾಡ್ತೀರಿ. ಪ್ರತಿಯೊಂದಕ್ಕೂ ಅವರು ಅಂಗಡಿಯವರ ಪರವಾಗಿ ನಯವಾಗಿ ಉತ್ತರಿಸಿ ಮತ್ತೆ ಒರಗಿಕೊಳ್ಳುವರು. ಮಗಳಿಗೆ ಹೊಲಿದ ಅಂಗಿ ಮುಗಿಯಿತು. ಭುಜದ ಮೇಲೆ ಎರಡು ಚಿಟಿಕಪ್ಪೆ. ಮಗಳಿಗೆ ಮೂರನೇ ಹಲ್ಲು ಬಂದ ದಿನ ಅದನ್ನು ತೊಡಿಸಿದೆ, ಅವಳು ಅದನ್ನೇ ಕಚ್ಚಿ ಕಚ್ಚಿ ತೇವ ಮಾಡಿದಳು.

ಹದಿನೇಳನೇ ದಿನ, ಮಧ್ಯಾಹ್ನ ಊಟದ ಡಬ್ಬಿ ತೆರೆಯುವ ಹೊತ್ತಿಗೆ, ಠಣ್. ಫೋಟೋ ಇಲ್ಲದ, ಬರೀ ಎರಡು ಅಕ್ಷರ ಹೆಸರಿನ ಜಾಗದಲ್ಲಿ ಇಟ್ಟುಕೊಂಡ ಯಾರೋ ಹೊಲಿಗೆ ಅಂಗಡಿಯ ಪುಟಕ್ಕೆ ಬರೆದಿದ್ದರು: 'ಇದಕ್ಕೆ ಆ ಹೆಸರು ಇಟ್ಟಿದ್ದು ಯಾರು?'

ಅಕ್ಕ ಡಬ್ಬಿ ಮುಚ್ಚಿದರು. 'ನಮಸ್ಕಾರ, ವಿಚಾರಿಸಿದ್ದಕ್ಕೆ ವಂದನೆಗಳು' ಎಂದು ಅಭ್ಯಾಸಬಲದಿಂದ ಬರೆದು ಅಳಿಸಿದರು. 'ನಾನು, ಅಕ್ಕ' ಎಂದು ಬರೆದು ಅಳಿಸಿದರು. ಹೇಗಿದ್ದೀಯಾ ಎಂದು ಬರೆದು ಅದನ್ನೂ ಅಳಿಸಿದರು. ಗಂಟೆಯ ಮೇಲಾಯಿತು. ಫೋಟೋದವರು ಏನೋ ಕೇಳಲು ಬಂದರು, ನಾನು ಕಣ್ಣಲ್ಲೇ ಕಳಿಸಿದೆ. ಕೊನೆಗೆ ಅಕ್ಕ ಒಂದೇ ಪದ ಬರೆದು ಕಳಿಸಿದರು.

'ನೀನು.'

ಆ ದಿನ ಉತ್ತರ ಬರಲಿಲ್ಲ. ಓದಿದ್ದಾಳೆ ಎಂಬ ಗುರುತು ಮಾತ್ರ ಬಂತು. ಸಂಜೆ ಮೆಟ್ಟಿಲಿಳಿಯುವಾಗ ಅಕ್ಕ ನನ್ನ ತೋಳು ಹಿಡಿದುಕೊಂಡರು. ಎಷ್ಟು ಬಿಗಿಯಾಗಿ ಹಿಡಿದಿದ್ದರೆಂದರೆ ಮನೆಗೆ ಹೋದಮೇಲೂ ಬೆರಳಿನ ಗುರುತಿತ್ತು. ಓದಿದ್ದಾಳಲ್ಲ ಅಕ್ಕ, ಅಷ್ಟು ಸಾಕಲ್ವಾ ಎಂದೆ. ಸಾಕು ಎಂದರು. ರಸ್ತೆ ದಾಟಿದ ಮೇಲೆ, ಸಾಕಾಗಲ್ಲ ಕಣೇ ಎಂದರು.

ಮರುದಿನ ಬೆಳಿಗ್ಗೆ ಹತ್ತೂವರೆಗೆ ಬಂತು. ಹೇಗಿದ್ದೀಯಾ ಎಂದಿರಲಿಲ್ಲ. ಎಲ್ಲಿದ್ದೀಯಾ ಎಂದಿರಲಿಲ್ಲ. ನಾಲ್ಕೇ ಪದ: 'ಅಮ್ಮನ ಮಿಷನ್ ಯಾರ ಹತ್ತಿರವಿದೆ?'

ಅಕ್ಕ ಓದಿದರು. ಮತ್ತೆ ಓದಿದರು. ಅವರ ಮುಖದಲ್ಲಿ ನಾನು ಅಳು ನಿರೀಕ್ಷಿಸಿದ್ದೆ, ಇಲ್ಲವೇ ಕೋಪ. ಬಂದದ್ದು ಬೇರೆಯೇ. ಚಪ್ಪಲಿ ಅಂಗಡಿಯಿಂದ ವಾಪಸು ಬಂದ ದಿನ ಇದ್ದಂಥದ್ದು, ಅಯ್ಯೋ ಇಷ್ಟೇನಾ ಎನ್ನುವಂಥ ಮುಖ.

"ನಾನು ಹನ್ನೊಂದು ವರ್ಷದಿಂದ ಅವಳನ್ನ ಹುಡುಕ್ತಿದ್ದೆ" ಎಂದರು ನಿಧಾನವಾಗಿ. "ಅವಳು ನನ್ನನ್ನ ಹುಡುಕ್ತಿರಲಿಲ್ಲ. ಅವಳಿಗೆ ನೋಯ್ತಿದ್ದದ್ದು ಅದಲ್ಲ."

ಮಿಷನ್ನನ್ನು ಅವರು ಮಾರಿದ್ದು ಹಳೇ ಸಾಮಾನು ಕೊಳ್ಳುವ ಒಬ್ಬನಿಗೆ. ಅವನ ಅಂಗಡಿಯಿದ್ದ ಜಾಗದಲ್ಲಿ ಈಗ ಔಷಧಿ ಅಂಗಡಿಯಿದೆ. ಅವನು ಅದನ್ನು ಯಾರಿಗೆ ಕೊಟ್ಟನೋ, ಇದೆಯೋ, ಕಬ್ಬಿಣದ ತೂಕಕ್ಕೆ ಹೋಯಿತೋ, ಇಷ್ಟು ವರ್ಷದಲ್ಲಿ ಒಂದು ಸಲವೂ ಅವರು ವಿಚಾರಿಸಿರಲಿಲ್ಲ. 'ಗೊತ್ತಿಲ್ಲ' ಎಂದು ಬರೆದರು. ಪಕ್ಕದಲ್ಲಿ 'ಹುಡುಕ್ತೀನಿ' ಎಂದು ಸೇರಿಸಿ ಕಳಿಸಿದರು.

ಓದಿದ ಗುರುತು ಬಂತು. ಆಮೇಲೆ ಒಂದು ಚಿತ್ರ ಬಂತು. ಮಡಚಿಟ್ಟ ಹೊದಿಕೆ, ಅಂಚಿನಲ್ಲಿ ನೇರವಾದ ಹೊಲಿಗೆ, ಬಣ್ಣ ಮಾಸಿದೆ.

ಅಕ್ಕ ಅದನ್ನು ದೊಡ್ಡದು ಮಾಡಿ, ಹೊಲಿಗೆಯ ಮೇಲೆ ಬೆರಳೋಡಿಸಿ, ಮತ್ತೆ ಚಿಕ್ಕದು ಮಾಡಿದರು. ಕುರ್ಚಿಯನ್ನು ಮೇಜಿನ ಹತ್ತಿರ ಎಳೆದುಕೊಂಡರು. ಶಾನುಭೋಗನ ಪೆಟ್ಟಿಗೆ ತೆರೆದರು. ಬೆರಳು ಕೀಲಿಮಣೆಯ ಮೇಲಿಟ್ಟು, ಲೋಕದ ಎಲ್ಲರ ಪದ ಗೊತ್ತಿದ್ದ ನಮ್ಮ ಪದದಕ್ಕ ನನ್ನ ಕಡೆ ತಿರುಗಿ ಕೇಳಿದರು:

"ಹಳೇ ಹೊಲಿಗೆ ಮಿಷನ್ ಇಟ್ಕೊಂಡಿರೋರು ಏನಂತ ಹುಡುಕ್ತಾರೆ ಕಣೇ? ಸೂಜಿ ಅಂತಾನಾ? ಬೆಲ್ಟ್ ಅಂತಾನಾ?"